ಮ್ಯೂನಿಕ್‌ನಿಂದ ಇಟಲಿ, ಸ್ವಿಟ್ಜರ್ಲೆಂಡ್ ಬಾಡಿಗೆ ಕಾರಲ್ಲಿ: ಟೋಲ್ ಎಲ್ಲಿ, ಹೇಗೆ ಕಟ್ಟಬೇಕು?

ಶಿವಮೊಗ್ಗದವಳು:
ಎಲ್ಲರಿಗೂ ನಮಸ್ಕಾರ. ನಾವು ಇರುವುದು ಮ್ಯೂನಿಕ್‌ನಲ್ಲಿ, ಸ್ವಂತ ಕಾರಿಲ್ಲ. ಜೂನ್‌ನಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು, ಲಗೇಜ್ ಎಳೆದುಕೊಂಡು ರೈಲು ಹತ್ತಿ ಇಳಿಯುವುದು ಆಗುವುದಿಲ್ಲ, ಅದಕ್ಕೇ ಕಾರು ಬಾಡಿಗೆಗೆ ತಗೊಂಡು ಹೋಗೋಣ ಅಂತ. ಇನ್ಸ್‌ಬ್ರುಕ್, ಬ್ರೆನ್ನರ್, ವೆರೋನಾ, ವೆನಿಸ್, ಅಲ್ಲಿಂದ ಕೋಮೋ ಸರೋವರ, ಆಮೇಲೆ ಗೊಟ್ಟಾರ್ಡ್ ಸುರಂಗದ ದಾರಿಯಲ್ಲಿ ಜ್ಯೂರಿಕ್, ಬ್ರೆಗೆನ್ಸ್ ಕಡೆಯಿಂದ ವಾಪಸ್ ಮನೆಗೆ. ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ, ಹಾಗಾಗಿ ಇದೆಲ್ಲ ನಮಗೆ ಹೊಸದು. ಒಬ್ಬರು ಗಾಜಿಗೆ ಸ್ಟಿಕ್ಕರ್ ಅಂಟಿಸಿದರೆ ಸಾಕು ಅನ್ನುತ್ತಾರೆ. ಇನ್ನೊಬ್ಬರು ಬೂತ್‌ನಲ್ಲಿ ಕಾರ್ಡ್ ಕೊಟ್ಟರೆ ಆಯಿತು ಅನ್ನುತ್ತಾರೆ. ಮತ್ತೊಬ್ಬರು ಬೂತೇ ಇರುವುದಿಲ್ಲ, ತಿಂಗಳುಗಟ್ಟಲೆ ಆದಮೇಲೆ ದಂಡದ ಕಾಗದ ಬರುತ್ತದೆ ಅಂತ ಹೆದರಿಸುತ್ತಾರೆ. ಯಾವುದು ನಿಜ?

ಆಲ್ಪ್ಸ್ ಸವಾರ:
ಮೇಡಂ, ಮೂರೂ ನಿಜ. ನಿಮ್ಮ ದಾರಿಯಲ್ಲಿ ಮೂರೂ ಸಿಗುತ್ತವೆ. ದೇಶದ ಹೆಸರು ಹಿಡಿದು ಯೋಚಿಸಬೇಡಿ, ರಸ್ತೆ ಹಿಡಿದು ಯೋಚಿಸಿ. ನಾನು ಆಗ್ಸ್‌ಬರ್ಗ್ ಹತ್ತಿರ ಇರುವವನು, ಬ್ರೆನ್ನರ್ ದಾರಿ ನನಗೆ ಚೆನ್ನಾಗಿ ಗೊತ್ತು, ಅಲ್ಲಿಂದಲೇ ಶುರು ಮಾಡುತ್ತೇನೆ.

ಗಡಿಯ ಕೀಫರ್ಸ್‌ಫೆಲ್ಡೆನ್ ದಾಟಿದರೆ ಆಸ್ಟ್ರಿಯಾದ ಎ12 ಮೋಟರ್‌ವೇ. ಗಡಿಯಿಂದ ಕುಫ್‌ಸ್ಟೈನ್ ದಕ್ಷಿಣ ಎಕ್ಸಿಟ್ ತನಕ 2019ರ ಡಿಸೆಂಬರ್‌ನಿಂದ ಏನೂ ಕಟ್ಟಬೇಕಿಲ್ಲ. ಅದಕ್ಕಿಂತ ಮುಂದೆ ಹೋದರೆ ವಿನ್ಯೆಟ್ ಬೇಕು. ಅಂದರೆ ಇಷ್ಟು ದಿನ ಅಂತ ಮೊದಲೇ ದುಡ್ಡು ಕಟ್ಟಿ ಇಟ್ಟುಕೊಳ್ಳುವುದು, ಬಸ್ ಪಾಸ್ ಇದ್ದ ಹಾಗೆ. ಒಂದು ದಿನದ್ದು, 10 ದಿನದ್ದು, 2 ತಿಂಗಳದ್ದು, ವರ್ಷದ್ದು ಇವೆ. 2025ರಲ್ಲಿ 10 ದಿನದ್ದಕ್ಕೆ 12.40 ಯೂರೋ ಇತ್ತು, ಪ್ರತಿ ವರ್ಷ ಸ್ವಲ್ಪ ಏರುತ್ತದೆ. ಮೊಬೈಲ್‌ನಲ್ಲೇ ಕೊಳ್ಳಬಹುದು, ಅಲ್ಲಿನ ಮೋಟರ್‌ವೇ ನೋಡಿಕೊಳ್ಳುವ ಆಸ್‌ಫಿನಾಗ್ ಸಂಸ್ಥೆಯ ಸೈಟ್ ಅಥವಾ ಆ್ಯಪ್‌ನಲ್ಲಿ. ಗಾಜಿಗೆ ಏನೂ ಅಂಟಿಸಬೇಕಿಲ್ಲ, ಕಾರಿನ ನಂಬರ್ ಪ್ಲೇಟ್‌ಗೆ ಅದು ಸೇರಿಕೊಳ್ಳುತ್ತದೆ, ಕ್ಯಾಮೆರಾ ಪ್ಲೇಟ್ ನೋಡುತ್ತದೆ.

ಈಗ ಜನ ಎಡವುವ ಜಾಗ. ಇನ್ಸ್‌ಬ್ರುಕ್ ದಾಟಿ ಬ್ರೆನ್ನರ್‌ಗೆ ಹತ್ತುವ ಎ13 ಇದೆಯಲ್ಲ, ಅದಕ್ಕೆ ವಿನ್ಯೆಟ್ ಲೆಕ್ಕಕ್ಕಿಲ್ಲ. ಅಲ್ಲಿ ಬೇರೆಯೇ ಟೋಲ್, ಒಂದು ಕಡೆಗೆ ಸುಮಾರು 12 ಯೂರೋ. ಶ್ಯೋನ್‌ಬರ್ಗ್‌ನಲ್ಲಿ ದೊಡ್ಡ ಬೂತ್ ಸಾಲು ಇದೆ, ಕಾರ್ಡ್ ಆಗಲಿ ಕ್ಯಾಶ್ ಆಗಲಿ ಕೊಡಬಹುದು. ಇದನ್ನೂ ಅದೇ ಸೈಟ್‌ನಲ್ಲಿ ಮೊದಲೇ ಕಟ್ಟಿದರೆ ಬೂತ್‌ನಲ್ಲಿ ಕ್ಯಾಮೆರಾ ಲೇನ್ ಹಿಡಿದು ದಾಟಿಬಿಡಬಹುದು. ಇಷ್ಟು ದುಡ್ಡು ಯಾಕೆ ಅನ್ನಿಸಿದರೆ ಹೊರಗೆ ನೋಡಿ. 1963ರಲ್ಲಿ ತೆರೆದ ಯೂರೋಪಾ ಸೇತುವೆ, ಕೆಳಗಿನ ಕಣಿವೆಯಿಂದ 190 ಮೀಟರ್ ಎತ್ತರ. ಅಪ್ಪನಿಗೆ ಮೊದಲೇ ಹೇಳಿಡಿ, ಕಾರಲ್ಲಿ ಕೂತು ಒಂದು ನಿಮಿಷದಲ್ಲಿ ದಾಟಿಬಿಡುತ್ತೇವೆ, ಗಮನಿಸದಿದ್ದರೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ಮಾತು. ಅದೇ ಎ13ರಲ್ಲಿ ಲೂಯೆಗ್ ಸೇತುವೆಯನ್ನು ಹೊಸದಾಗಿ ಕಟ್ಟುತ್ತಿದ್ದಾರೆ, 2025ರ ಶುರುವಿನಿಂದ ಅಲ್ಲಿ ಮಾಮೂಲಿ ದಿನಗಳಲ್ಲಿ ಒಂದೊಂದೇ ಲೇನ್. ಶನಿವಾರ ಬೆಳಗ್ಗೆ ಹೊರಡಬೇಡಿ, ದಯವಿಟ್ಟು.

ಶಿವಮೊಗ್ಗದವಳು:
ತುಂಬಾ ಥ್ಯಾಂಕ್ಸ್ ಸರ್. ಆದರೆ ಬಾಡಿಗೆ ಕಾರಿನ ನಂಬರ್ ಮೊದಲೇ ಗೊತ್ತಿರುವುದಿಲ್ಲ ಅಲ್ವಾ? ಹಾಗಾದರೆ ಮೊದಲೇ ಕೊಳ್ಳುವುದು ಹೇಗೆ? ಎಲ್ಲೋ 18 ದಿನ ಕಾಯಬೇಕು ಅಂತಲೂ ಓದಿದೆ.

ಆಲ್ಪ್ಸ್ ಸವಾರ:
18 ದಿನದ ಮಾತು ನಿಮಗೆ ಬೇಡ. 2 ತಿಂಗಳ ಮತ್ತು ವರ್ಷದ ಡಿಜಿಟಲ್ ವಿನ್ಯೆಟ್‌ಗಳನ್ನು ಆನ್‌ಲೈನ್‌ನಲ್ಲಿ ಕೊಂಡವರಿಗೆ ಅದು. ಕೊಂಡದ್ದನ್ನು ವಾಪಸ್ ಮಾಡುವ ಗ್ರಾಹಕರ ಹಕ್ಕು ಇದೆಯಲ್ಲ, ಆ ಅವಧಿ ಮುಗಿದ ಮೇಲೆ ಶುರುವಾಗಲಿ ಅಂತ ಹಾಗೆ ಮಾಡಿದ್ದಾರೆ. 10 ದಿನದ್ದು ಮತ್ತು ಒಂದು ದಿನದ್ದು ಕೊಂಡ ಕೂಡಲೇ ಚಾಲ್ತಿಗೆ ಬರುತ್ತವೆ.

ಕಾರಿನ ಕೀ ಕೈಗೆ ಬಂದ ಮೇಲೆ, ಪಾರ್ಕಿಂಗ್‌ನಲ್ಲೇ ನಿಂತು ಕೊಳ್ಳಿ. ಗಾಡಿ ಮುಂದೆ ನಿಂತು ಪ್ಲೇಟ್ ಫೋಟೋ ತೆಗೆಯಿರಿ, ಫೋಟೋ ನೋಡಿಕೊಂಡು ಟೈಪ್ ಮಾಡಿ. ದೇಶ ಅನ್ನುವ ಜಾಗದಲ್ಲಿ ಜರ್ಮನಿ ಆರಿಸಿ. ಓ ಅಕ್ಷರವೋ ಸೊನ್ನೆಯೋ ಅಂತ ಗೊಂದಲ ಆಗುತ್ತದೆ. ಜರ್ಮನ್ ಪ್ಲೇಟ್‌ನಲ್ಲಿ ಮೊದಲು ಊರಿನ ಅಕ್ಷರ, ಆಮೇಲೆ ಒಂದೋ ಎರಡೋ ಅಕ್ಷರ, ಕೊನೆಗೆ ಅಂಕಿ. ಆ ಅಂಕಿಯ ಭಾಗ ಸೊನ್ನೆಯಿಂದ ಶುರುವಾಗುವುದೇ ಇಲ್ಲ. ಆದ್ದರಿಂದ ಅಂಕಿಗೆ ಮುಂಚೆ ಗುಂಡಗೆ ಕಂಡದ್ದು ಓ ಅಕ್ಷರವೇ. ಯು ಮೇಲೆ ಎರಡು ಚುಕ್ಕಿ ಇದ್ದರೆ ಆ ಚುಕ್ಕಿಯ ಅಕ್ಷರವನ್ನೇ ಹಾಕಬೇಕು. ಒಂದು ಅಕ್ಷರ ತಪ್ಪಿದರೂ ನೀವು ಬೇರೆ ಯಾರದೋ ಕಾರಿಗೆ ವಿನ್ಯೆಟ್ ಕೊಂಡ ಹಾಗಾಗುತ್ತದೆ, ಕ್ಯಾಮೆರಾಕ್ಕೆ ನಿಮ್ಮ ಕಾರು ಕಟ್ಟದೇ ಬಂದ ಕಾರು.

ಜ್ಯೂರಿಕ್ ಕನ್ನಡತಿ:
ಸ್ವಿಸ್ ಕಡೆಯದ್ದು ನಾನು ಹೇಳುತ್ತೇನೆ. ಇಲ್ಲಿ ಸುಲಭ, ಆದರೆ ದುಬಾರಿ. ಒಂದೇ ಒಂದು ವಿನ್ಯೆಟ್, 40 ಫ್ರಾಂಕ್, ವರ್ಷದ್ದು. ಹಿಂದಿನ ವರ್ಷದ ಡಿಸೆಂಬರ್ 1ರಿಂದ ಮುಂದಿನ ವರ್ಷದ ಜನವರಿ 31ರ ತನಕ, ಒಟ್ಟು 14 ತಿಂಗಳು ನಡೆಯುತ್ತದೆ. ನೀವು ಒಂದು ದಿನ ಹಾದು ಹೋದರೂ ಅಷ್ಟೇ. 2023ರ ಆಗಸ್ಟ್‌ನಿಂದ ಇ-ವಿನ್ಯೆಟ್ ಬಂದಿದೆ, ಅದೂ ಪ್ಲೇಟ್‌ಗೇ ಸೇರುತ್ತದೆ, ಸ್ಟಿಕ್ಕರ್ ಕೂಡ ಇನ್ನೂ ಸಿಗುತ್ತದೆ. ಕಾರು ತಗೊಳ್ಳುವಾಗ ಮುಂದಿನ ಗಾಜು ನೋಡಿ, ಮ್ಯೂನಿಕ್‌ನ ಬಾಡಿಗೆ ಕಾರುಗಳಲ್ಲಿ ಕೆಲವಕ್ಕೆ ಮೊದಲೇ ಅಂಟಿಸಿರುತ್ತಾರೆ. ಆ ವರ್ಷದ್ದೇ ಹೌದಾ ಅಂತ ನೋಡಿಕೊಳ್ಳಿ.

ಗೊಟ್ಟಾರ್ಡ್ ಸುರಂಗ 16.9 ಕಿಲೋಮೀಟರ್ ಉದ್ದ, 1980ರಲ್ಲಿ ತೆರೆದದ್ದು. ಅದಕ್ಕೆ ಬೇರೆ ಟೋಲ್ ಇಲ್ಲ, ಅದೇ 40 ಫ್ರಾಂಕ್‌ನಲ್ಲಿ ಸೇರಿದೆ. ಗ್ರಾನ್ ಸಾನ್ ಬರ್ನಾರ್ಡೋ ಸುರಂಗಕ್ಕೆ ಬೇರೆ ಕಟ್ಟಬೇಕು, ಆದರೆ ಅದು ನಿಮ್ಮ ದಾರಿಯಲ್ಲಿ ಬರುವುದಿಲ್ಲ. ವಿನ್ಯೆಟ್ ಇಲ್ಲದೆ ಮೋಟರ್‌ವೇಯಲ್ಲಿ ಸಿಕ್ಕಿದರೆ 200 ಫ್ರಾಂಕ್ ದಂಡ, ಜೊತೆಗೆ ವಿನ್ಯೆಟ್ ಬೆಲೆ.

ಒಂದು ವಿಷಯ ಒತ್ತಿ ಹೇಳಬೇಕು. ಗೂಗಲ್‌ನಲ್ಲಿ ಸ್ವಿಸ್ ವಿನ್ಯೆಟ್ ಅಂತ ಹುಡುಕಿದರೆ ಮೇಲೆ ಬರುವ ಜಾಹೀರಾತುಗಳಲ್ಲಿ ಎಷ್ಟೋ ಮಧ್ಯವರ್ತಿಗಳವು. ಸರ್ಕಾರಿ ಸೈಟ್ ಥರವೇ ಕಾಣುತ್ತವೆ, ಕೆಂಪು ಬಿಳಿ ಶಿಲುಬೆ ಎಲ್ಲ ಇರುತ್ತದೆ, ಕೊನೆಯ ಪುಟದಲ್ಲಿ ಸೇವಾಶುಲ್ಕ ಅಂತ ಸೇರಿಸುತ್ತಾರೆ. ಗುರುತಿಸುವುದು ಸುಲಭ: 40 ಫ್ರಾಂಕ್‌ಗಿಂತ ಒಂದು ಪೈಸೆ ಜಾಸ್ತಿ ಕೇಳಿದರೂ ಮುಚ್ಚಿಬಿಡಿ. ಸ್ವಿಸ್ ಕಸ್ಟಮ್ಸ್ ಇಲಾಖೆಯ ವಿಯಾ ಅನ್ನುವ ಪೋರ್ಟಲ್ ಅಸಲಿ.

ಹಳೇ ಮೈಸೂರು:
ಒಂದು ದಿನಕ್ಕೆ 40 ಫ್ರಾಂಕ್ ಅನ್ಯಾಯ ಅಲ್ಲವೇ? ಆಸ್ಟ್ರಿಯಾದವರು 2024ರಲ್ಲಿ ಒಂದು ದಿನದ ವಿನ್ಯೆಟ್ ತಂದರು, ಸ್ವಿಸ್‌ನವರಿಗೆ ಅದು ಯಾಕೆ ಆಗುವುದಿಲ್ಲ? ಜರ್ಮನಿ ಕೂಡ ಎಲ್ಲರನ್ನೂ ಬಿಟ್ಟಿ ಓಡಾಡಲು ಬಿಟ್ಟಿದೆ.

ಆಲ್ಪ್ಸ್ ಸವಾರ:
ಸರ್, ಜರ್ಮನಿ ಮನಸ್ಸಿನಿಂದ ಬಿಟ್ಟದ್ದಲ್ಲ. ಕಾರುಗಳಿಗೂ ಟೋಲ್ ಹಾಕಲು ಕಾನೂನು ಮಾಡಿತ್ತು, ಆದರೆ ಜರ್ಮನಿಯ ಕಾರಿನವರಿಗೆ ಅಷ್ಟೇ ದುಡ್ಡನ್ನು ವಾಹನ ತೆರಿಗೆಯಲ್ಲಿ ಇಳಿಸಿಕೊಡುವ ಯೋಜನೆ ಅದು. ಅಂದರೆ ಭಾರ ಬೀಳುತ್ತಿದ್ದದ್ದು ಹೊರಗಿನವರ ಮೇಲೆ ಮಾತ್ರ. ಆಸ್ಟ್ರಿಯಾ ಕೋರ್ಟಿಗೆ ಹೋಯಿತು, 2019ರ ಜೂನ್‌ನಲ್ಲಿ ಯುರೋಪಿಯನ್ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ನನಗೆ ಆ ತೀರ್ಪು ಸರಿ ಅನ್ನಿಸುತ್ತದೆ. ಸ್ವಿಸ್‌ನವರ 40 ಫ್ರಾಂಕ್ ಜಾಸ್ತಿ ಅನ್ನಿಸಿದರೂ, ಊರಿನವರಿಗೂ ಹೊರಗಿನವರಿಗೂ ಒಂದೇ ದರ. ಅಷ್ಟು ಉದ್ದದ ಸುರಂಗಕ್ಕೂ ಸೇರಿ ಅಂತ ನೋಡಿದರೆ, ಮಾಂಟ್ ಬ್ಲಾಂಕ್ ಸುರಂಗಕ್ಕೆ ಒಂದು ಸಲಕ್ಕೆ ಕೊಡುವುದಕ್ಕಿಂತ ಕಡಿಮೆಯೇ.

ಮಿಲಾನ್ ಮಾಣಿ:
ಇಟಲಿ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ ಅಕ್ಕ. ಮೂಲ ಕುಂದಾಪುರ, ಈಗ ಮಿಲಾನ್‌ನಲ್ಲಿ ಕೆಲಸ.

ಇಲ್ಲಿ ವಿನ್ಯೆಟ್ ಇಲ್ಲ. ಹೆಚ್ಚಿನ ಕಡೆ ಟಿಕೆಟ್ ಪದ್ಧತಿ. ಬ್ರೆನ್ನರ್ ಇಳಿದು ಸ್ವಲ್ಪ ದೂರ ಬಂದರೆ ವಿಪಿತೆನೋ ಹತ್ತಿರ ಎ22ರ ತಡೆ ಇದೆ. ಮೆಷಿನ್‌ನ ಗುಂಡಿ ಒತ್ತಿದರೆ ಟಿಕೆಟ್ ಬರುತ್ತದೆ, ತಡೆಗೋಲು ಏಳುತ್ತದೆ. ಆ ಟಿಕೆಟನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಹಾಕಬೇಡಿ, ಒಬ್ಬರ ಕೈಗೆ ಕೊಟ್ಟು ಇಟ್ಟುಕೊಳ್ಳಲು ಹೇಳಿ. ವೆರೋನಾದಲ್ಲಿ ಎ22ರಿಂದ ಎ4ಗೆ ಹಾಗೇ ಸೇರಿಬಿಡಬಹುದು, ಮಧ್ಯದಲ್ಲಿ ಕಟ್ಟುವುದಿಲ್ಲ, ಕೊನೆಗೆ ಯಾವ ಎಕ್ಸಿಟ್‌ನಲ್ಲಿ ಇಳಿಯುತ್ತೀರೋ ಅಲ್ಲಿ ಪೂರ್ತಿ ದೂರದ ಲೆಕ್ಕ. ಟಿಕೆಟ್ ಕಳೆದರೆ ಅತಿ ದೂರದ ಎಂಟ್ರಿಯಿಂದ ಬಂದಿದ್ದೀರಿ ಅಂತ ಹಿಡಿಯುತ್ತಾರೆ.

ಎಕ್ಸಿಟ್‌ನಲ್ಲಿ ಲೇನ್ ಮೇಲಿನ ಬೋರ್ಡ್ ನೋಡಿ. ಹಳದಿ ಬೋರ್ಡ್ ಟೆಲಿಪಾಸ್ ಡಬ್ಬಿ (ನಮ್ಮ ಫಾಸ್ಟ್ಯಾಗ್ ಥರ ಟೋಲ್ ತಾನಾಗಿ ಕಡಿತ ಆಗುವ ಸಾಧನ) ಇದ್ದವರಿಗೆ ಮಾತ್ರ, ಅದರ ಹತ್ತಿರ ಹೋಗಲೇಬೇಡಿ. ನೀಲಿ ಬೋರ್ಡ್ ಕಾರ್ಡಿಗೆ. ಬಿಳಿ ಬೋರ್ಡ್ ಮೇಲೆ ಕೈ ಮತ್ತು ನಾಣ್ಯದ ಚಿತ್ರ ಇದ್ದರೆ ಕ್ಯಾಶ್. ದೂರದಿಂದಲೇ ಲೇನ್ ಹಿಡಿಯಿರಿ, ಕೊನೆ ಗಳಿಗೆಯಲ್ಲಿ ಅಡ್ಡ ಹಾಯಬೇಡಿ. ಮೊದಲು ಟಿಕೆಟ್ ಹಾಕಬೇಕು, ಪರದೆಯಲ್ಲಿ ಮೊತ್ತ ಬರುತ್ತದೆ, ಆಮೇಲೆ ಕಾರ್ಡ್. ಬೇಕಾದರೆ ರಸೀದಿಯ ಗುಂಡಿ ಬೇರೆ ಇರುತ್ತದೆ, ಒತ್ತಿ ತಗೊಳ್ಳಿ, ಬಾಡಿಗೆ ಕಾರಿಗೆ ರಸೀದಿ ಇರುವುದು ಒಳ್ಳೆಯದು.

ಕಾರ್ಡ್ ಕೆಲಸ ಮಾಡಲಿಲ್ಲ ಅಂದುಕೊಳ್ಳಿ. ಹಿಂದೆ ಹಾರ್ನ್ ಶುರುವಾಗುತ್ತದೆ. ಏನಾದರೂ ರಿವರ್ಸ್ ಮಾತ್ರ ತೆಗೆಯಬೇಡಿ, ಟೋಲ್ ಜಾಗದಲ್ಲಿ ಹಿಂದಕ್ಕೆ ಬರುವುದು ಇಲ್ಲಿ ದೊಡ್ಡ ಅಪರಾಧ. ಅಸ್ಸಿಸ್ಟೆಂಝಾ, ಅಂದರೆ ಸಹಾಯ, ಅಂತ ಬರೆದ ಗುಂಡಿ ಇದೆ, ಒತ್ತಿ. ಆ ಕಡೆಯಿಂದ ಯಾರೋ ಮಾತಾಡುತ್ತಾರೆ, ಭಾಷೆ ಬರದಿದ್ದರೂ ಪರವಾಗಿಲ್ಲ, ಕಾರ್ಡ್ ಆಗುತ್ತಿಲ್ಲ ಅಂದರೆ ಸಾಕು. ಪ್ಲೇಟ್ ಫೋಟೋ ತೆಗೆದು ಒಂದು ಚೀಟಿ ಮುದ್ರಿಸಿ ಗೇಟ್ ತೆಗೆಯುತ್ತಾರೆ. ಆ ಚೀಟಿಯಲ್ಲಿರುವ ಮೊತ್ತವನ್ನು 15 ದಿನದೊಳಗೆ ಆನ್‌ಲೈನ್‌ನಲ್ಲಿ ಕಟ್ಟಿದರೆ ಮೇಲೆ ಒಂದು ಸೆಂಟ್ ಕೂಡ ಇಲ್ಲ.

ಶಿವಮೊಗ್ಗದವಳು:
ಇದು ಬಂಗಾರದಂಥ ಮಾಹಿತಿ ತಮ್ಮಾ. ಅಪ್ಪನ ಕಾರ್ಡ್ ಊರಿನ ಬ್ಯಾಂಕಿನದು, ಅದು ನಡೆಯುತ್ತದಾ?

ಹುಬ್ಬಳ್ಳಿ ಟು ಯೂರೋಪ್:
ಅದಕ್ಕೆ ನಾ ಹೇಳ್ತೇನ್ರಿ. ಭಾರತದ ಕಾರ್ಡ್ ಹೊಸದಾಗಿ ಕೊಡುವಾಗ ಒಳದೇಶದ ಬಳಕೆಗೆ ಮಾತ್ರ ತೆರೆದಿರುತ್ತಾರೆ, ರಿಸರ್ವ್ ಬ್ಯಾಂಕ್ 2020ರಲ್ಲಿ ಮಾಡಿದ ನಿಯಮ. ಬ್ಯಾಂಕ್ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಅನ್ನುವುದನ್ನು ಊರಲ್ಲೇ ಆನ್ ಮಾಡಿಸಿ ಕಳಿಸಿ. ಆದರೂ ಟೋಲ್ ಮೆಷಿನ್‌ಗೆ ಅದೊಂದನ್ನೇ ನಂಬಬೇಡಿ, ನಿಮ್ಮ ಜರ್ಮನ್ ಕಾರ್ಡ್ ಮುಂದೆ ಇರಲಿ, ಜೊತೆಗೆ ಸಣ್ಣ ನೋಟು, ಚಿಲ್ಲರೆ.

ನನ್ನದೂ ಒಂದು ಪ್ರಶ್ನೆ. ನಮ್ಮಲ್ಲಿ ಒಂದು ಫಾಸ್ಟ್ಯಾಗ್ ಅಂಟಿಸಿದರೆ ನ್ಯಾಷನಲ್ ಹೈವೇ ಅಂದರೆ ಮುಗೀತು, ಹುಬ್ಬಳ್ಳಿಯಿಂದ ದೆಹಲಿ ತನಕ ನಡೆಯುತ್ತದೆ. ಯೂರೋಪಿನವರು ಗಡಿಯಲ್ಲಿ ಪಾಸ್‌ಪೋರ್ಟ್ ಕೂಡ ಕೇಳುವುದಿಲ್ಲ, ದುಡ್ಡೂ ಒಂದೇ ಮಾಡಿಕೊಂಡಿದ್ದಾರೆ, ಟೋಲ್ ಮಾತ್ರ ಯಾಕೆ ಹೀಗೆ ಚೂರುಚೂರು?

ಮಿಲಾನ್ ಮಾಣಿ:
ಅಣ್ಣ, ರಸ್ತೆ ಕಟ್ಟಿದ ಬಗೆಯೇ ಬೇರೆ ಬೇರೆ. ಇಟಲಿ, ಫ್ರಾನ್ಸ್‌ನಲ್ಲಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟು ಕಟ್ಟಿಸಿ ಟೋಲ್ ವಸೂಲಿಗೆ ಬಿಟ್ಟರು. ಅದೂ ಇವತ್ತಿನದಲ್ಲ. ಮಿಲಾನ್‌ನಿಂದ ಸರೋವರಗಳ ಕಡೆಗೆ ಕಾರುಗಳಿಗೆ ಮಾತ್ರ ಅಂತ ಪಿಯೆರೊ ಪುರಿಚೆಲ್ಲಿ ಅನ್ನುವ ಎಂಜಿನಿಯರ್ ರಸ್ತೆ ಮಾಡಿಸಿ, 1924ರಲ್ಲಿ ವಾರೇಸೆ ತನಕ ತೆರೆದರು, ಶುರುವಿನಿಂದಲೇ ಅದಕ್ಕೆ ಟೋಲ್. ಅಕ್ಕ ಕೋಮೋಗೆ ಹೋಗುವ ಎ9 ಅದರದೇ ಕವಲು. ನೂರು ವರ್ಷದಿಂದ ಇಲ್ಲಿ ದುಡ್ಡು ಕೊಟ್ಟೇ ಓಡಾಡುತ್ತಿದ್ದಾರೆ. ಆಸ್ಟ್ರಿಯಾ, ಸ್ವಿಸ್ ಕಡೆ ಹಾಗಲ್ಲ, ಅಲ್ಲಿ ವಿನ್ಯೆಟ್ ಬಂತು. ಎಲ್ಲ ಕಡೆ ನಡೆಯುವ ಒಂದೇ ಡಬ್ಬಿ ಬೇಕು ಅಂತ ಯೂರೋಪಿಯನ್ ಒಕ್ಕೂಟ 2004ರಲ್ಲೇ ಕಾನೂನು ಮಾಡಿದೆ, ಲಾರಿಯವರಿಗೆ ಅದರ ಉಪಯೋಗ ಆಗಿದೆ. ಕಾರಿನವರಿಗೆ ಇಟಲಿ, ಫ್ರಾನ್ಸ್, ಸ್ಪೇನ್, ಪೋರ್ಚುಗಲ್ ನಾಲ್ಕಕ್ಕೂ ನಡೆಯುವ ಡಬ್ಬಿ ಸಿಗುತ್ತದೆ. ಪದೇ ಪದೇ ಹೋಗುವವರಿಗೆ ಸರಿ, ಒಂದು ಪ್ರವಾಸಕ್ಕೆ ಬೇಡ.

ಈಗ ಮುಖ್ಯವಾದದ್ದು. ನಾನು ಮೇಲೆ ಬರೆದ ಟಿಕೆಟ್, ಬೂತ್ ಯಾವುದೂ ಇಲ್ಲದ ರಸ್ತೆಗಳು ಇಟಲಿಯಲ್ಲೂ ಇವೆ. ಕೋಮೋ ಸುತ್ತಮುತ್ತಲೇ ಇವೆ. ಪೆಡೆಮೊಂತಾನಾ ಲೊಂಬಾರ್ದಾ ಅಂತ, ನಂಬರ್ ಎ36, ಎ59, ಎ60. ರಸ್ತೆ ಮೇಲೆ ಅಡ್ಡಕ್ಕೆ ಒಂದು ಕಬ್ಬಿಣದ ಕಮಾನು, ಅದರ ಮೇಲೆ ಕ್ಯಾಮೆರಾಗಳು. ನೀವು ಅದೇ ಸ್ಪೀಡ್‌ನಲ್ಲಿ ಹಾದು ಹೋಗುತ್ತೀರಿ, ಯಾರೂ ತಡೆಯುವುದಿಲ್ಲ, ಏನೂ ಕೇಳುವುದಿಲ್ಲ. 15 ದಿನದೊಳಗೆ ಅವರ ಸೈಟ್ ಅಥವಾ ಆ್ಯಪ್‌ಗೆ ಹೋಗಿ ಪ್ಲೇಟ್ ನಂಬರ್ ಹಾಕಿ ನೀವೇ ಕಟ್ಟಬೇಕು.

ನಮ್ಮ ಮಾವನ ಮನೆಯವರು ಮಲ್ಪೆನ್ಸಾ ಏರ್‌ಪೋರ್ಟ್‌ನಲ್ಲಿ ಕಾರು ತಗೊಂಡು ಕೋಮೋಗೆ ಹೋದರು. ನ್ಯಾವಿಗೇಶನ್ ಎ8ರಿಂದ ನೇರ ಎ36 ಹಿಡಿಸಿತು. ಕಾರು ಕೊಟ್ಟ ಕೌಂಟರ್‌ನಲ್ಲಿ ಯಾರೂ ಒಂದು ಮಾತು ಹೇಳಿರಲಿಲ್ಲ. ಟೋಲ್ ಕೆಲವೇ ಯೂರೋ. ಅವರು ಊರಿಗೆ ವಾಪಸ್ ಹೋಗಿ ಎಷ್ಟೋ ದಿನ ಆದಮೇಲೆ ಬಾಡಿಗೆ ಕಂಪನಿ ಕ್ರೆಡಿಟ್ ಕಾರ್ಡ್‌ನಿಂದ ಎಳೆದುಕೊಂಡಿತು. ಅದು ಟೋಲ್ ಅಲ್ಲ, ನಿಮ್ಮ ಹೆಸರು ವಿಳಾಸವನ್ನು ರಸ್ತೆಯವರಿಗೆ ತಿಳಿಸಿದ್ದಕ್ಕೆ ಶುಲ್ಕ. ಟೋಲಿನ ಹತ್ತಾರು ಪಟ್ಟು! ಟೋಲ್ ಮತ್ತು ಅದರ ಮೇಲಿನ ಖರ್ಚಿನ ಕಾಗದ ಆಮೇಲೆ ಬೇರೆ ಬಂತು. ನನಗೆ ಇದು ಹೊಟ್ಟೆ ಉರಿಸುವ ವಿಷಯ. ಆ ಏರ್‌ಪೋರ್ಟ್‌ನಲ್ಲಿ ಕಾರು ಕೊಡುವವರಿಗೆ ಜನ ಕೋಮೋಗೇ ಹೋಗುತ್ತಾರೆ ಅಂತ ಚೆನ್ನಾಗಿ ಗೊತ್ತು. ಕೀ ಕೊಡುವಾಗ ಒಂದು ಚೀಟಿ ಕೊಟ್ಟರೆ ಅವರ ಗಂಟೇನು ಹೋಗುತ್ತದೆ?

ಹಳೇ ಮೈಸೂರು:
ಅಷ್ಟು ದೂರದಿಂದ ಬಂದು ವಾಪಸ್ ಹೋದವರು ಕಟ್ಟದಿದ್ದರೆ ಏನು ಮಾಡುತ್ತಾರೆ? ಮೈಸೂರಿಗೆ ಬಂದು ಹಿಡಿಯುತ್ತಾರಾ? ಸುಮ್ನೆ ಬಿಟ್ಟುಬಿಡಿ ಅಂತ ನನ್ನ ಸಲಹೆ.

ಜ್ಯೂರಿಕ್ ಕನ್ನಡತಿ:
ಸರ್, ದಯವಿಟ್ಟು ಹಾಗೆ ಹೇಳಬೇಡಿ, ಓದಿದವರು ನಂಬುತ್ತಾರೆ. ಬಾಡಿಗೆ ಕಾರಿನಲ್ಲಿ ಅವರು ಮೈಸೂರಿಗೆ ಬರಬೇಕಿಲ್ಲ, ನಿಮ್ಮ ಕಾರ್ಡ್ ನಂಬರ್ ಆಗಲೇ ಕಂಪನಿಯ ಹತ್ತಿರ ಇದೆ, ಕರಾರಿಗೆ ಸಹಿ ಹಾಕಿದ್ದೀರಿ. ಶಿವಮೊಗ್ಗದ ಮೇಡಂ ಇರುವುದೇ ಜರ್ಮನಿಯಲ್ಲಿ. ಟೋಲ್ ಕಟ್ಟದ ಗಾಡಿಯ ವಿವರವನ್ನು ಒಂದು ದೇಶ ಇನ್ನೊಂದು ದೇಶದಿಂದ ಪಡೆಯಬಹುದು ಅಂತ ಯೂರೋಪಿಯನ್ ಒಕ್ಕೂಟದ 2019ರ ನಿರ್ದೇಶನವೇ ಇದೆ. ಅದಕ್ಕಿಂತ ಮುಖ್ಯ, ರಸ್ತೆ ಬಳಸಿದ್ದೇವೆ, ದುಡ್ಡು ಕೊಡಬೇಕಾದ್ದು. ಸಿಟ್ಟಿರಬೇಕಾದ್ದು ಟೋಲ್ ಮೇಲಲ್ಲ, ಮಾಹಿತಿ ಕೊಡದೆ ಆಮೇಲೆ ಶುಲ್ಕ ಹೇರುವವರ ಮೇಲೆ.

ಆಲ್ಪ್ಸ್ ಸವಾರ:
ಹೌದು, ಪೂರ್ತಿ ಒಪ್ಪುತ್ತೇನೆ. ಬೂತ್ ಇದ್ದ ಕಡೆ ಭಯವೇ ಬೇಡ, ಭಾಷೆ ಬರದಿದ್ದರೂ ಗೇಟ್ ನಿಮ್ಮನ್ನು ನಿಲ್ಲಿಸುತ್ತದೆ, ಹೇಗೋ ಕಟ್ಟಿ ಮುಂದೆ ಹೋಗುತ್ತೀರಿ. ಯಾರೂ ನಿಲ್ಲಿಸದ ರಸ್ತೆಯೇ ಅಪಾಯ. ಅದಕ್ಕೇ ಹಿಂದಿನ ರಾತ್ರಿ ಮರುದಿನದ ದಾರಿಯನ್ನು ಮ್ಯಾಪ್‌ನಲ್ಲಿ ಹಿಗ್ಗಿಸಿ ನೋಡಿ, ರಸ್ತೆಯ ನಂಬರ್‌ಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಟೋಲ್ ತಪ್ಪಿಸು ಅನ್ನುವ ಬಟನ್ ಒತ್ತಿ ಹೊರಡಬೇಡಿ, ಪರ್ವತದಲ್ಲಿ ಅದು ಎಲ್ಲೆಲ್ಲಿಗೋ ಹತ್ತಿಸುತ್ತದೆ. ಇನ್ಸ್‌ಬ್ರುಕ್‌ಗೆ ವಿನ್ಯೆಟ್ ಇಲ್ಲದೆ ಸೀಫೆಲ್ಡ್ ಮೇಲಿಂದ ಬರಬಹುದು, ಆದರೆ ಝಿರ್ಲ್ ಇಳಿಜಾರು ಶೇಕಡಾ 16ರಷ್ಟು ಕಡಿದು. ತಂದೆ ತಾಯಿಯನ್ನು ಕೂರಿಸಿಕೊಂಡು ಹತ್ತಾರು ಯೂರೋಗೆ ಆ ತಾಪತ್ರಯ ಬೇಡ.

ಡಬ್ಲಿನ್ ದಾರಿಹೋಕ:
ಐರ್ಲೆಂಡ್‌ಗೆ ಬರುವವರಿಗೂ ಇದೇ ಮಾತು. ಡಬ್ಲಿನ್ ಸುತ್ತುವ ಎಂ50ಯಲ್ಲಿ ಬೂತ್ ಇಲ್ಲ, ಮರುದಿನ ರಾತ್ರಿ 8 ಗಂಟೆಯೊಳಗೆ ಕಟ್ಟಬೇಕು. ಏರ್‌ಪೋರ್ಟ್‌ನಿಂದ ಹೊರಟರೆ ಅದೇ ದಾರಿ ಸಿಗುವುದು ಜಾಸ್ತಿ. ಇಂಗ್ಲೆಂಡ್‌ನಲ್ಲಿ ಥೇಮ್ಸ್ ದಾಟುವ ಡಾರ್ಟ್‌ಫರ್ಡ್‌ನಲ್ಲೂ 2014ರಲ್ಲಿ ಬೂತ್ ತೆಗೆದರು, ಅಲ್ಲಿ ಮರುದಿನ ಮಧ್ಯರಾತ್ರಿ ತನಕ ಟೈಮ್.

ಶಿವಮೊಗ್ಗದವಳು:
ಎಲ್ಲವನ್ನೂ ಬರೆದುಕೊಂಡೆ. ಹಾಗಾದರೆ ವೆನಿಸ್‌ನಿಂದ ಕೋಮೋಗೆ ಪೆಡೆಮೊಂತಾನಾ ಇಲ್ಲದೆ ಹೋಗಬಹುದಾ? ಮತ್ತೆ ಬ್ರೆಗೆನ್ಸ್‌ನಲ್ಲಿ ಆಸ್ಟ್ರಿಯಾ ಮತ್ತೆ ಬರುತ್ತದೆ, 10 ದಿನ ದಾಟಿದರೆ ಇನ್ನೊಂದು ವಿನ್ಯೆಟ್ ಬೇಕಾ?

ಮಿಲಾನ್ ಮಾಣಿ:
ಹೋಗಬಹುದು ಅಕ್ಕ. ಎ4ರಲ್ಲಿ ಮಿಲಾನ್ ತನಕ ಬನ್ನಿ, ಊರಿನ ಪೂರ್ವದ ತಡೆಯಲ್ಲಿ ಟಿಕೆಟ್ ಕೊಟ್ಟು ಕಟ್ಟಿ, ಹಾಗೇ ಎ8 ಹಿಡಿದು ಎ9ಗೆ ತಿರುಗಿ. ಕೋಮೋಗೆ ಮುಂಚೆ ಗ್ರಾಂದಾತೆಯಲ್ಲಿ ಮತ್ತೆ ಬೂತ್, ಅಲ್ಲಿ ಟಿಕೆಟ್ ಇಲ್ಲ, ಒಂದು ನಿಗದಿ ಮೊತ್ತ. ದಾರಿಯಲ್ಲಿ ಎ36 ಅಂತ ಬಾಣ ಕಂಡರೆ ತಿರುಗಬೇಡಿ. ತಿರುಗಿದರೂ ಗಾಬರಿ ಬೇಡ, ಅವತ್ತು ಸಂಜೆ ರೂಮಿಗೆ ಹೋಗಿ ಕಟ್ಟಿದರೆ ಮುಗೀತು, ರಸೀದಿ ಇಟ್ಟುಕೊಳ್ಳಿ. ವೆರೋನಾ ಊರೊಳಗೆ ಜ಼ೆಡ್‌ಟಿಎಲ್ (ಪರ್ಮಿಟ್ ಇದ್ದ ಗಾಡಿಗೆ ಮಾತ್ರ ಪ್ರವೇಶ) ಬೋರ್ಡ್ ಕಂಡ ಕಡೆ ಕಾರು ನುಗ್ಗಿಸಬೇಡಿ. ಅದು ಟೋಲ್ ಅಲ್ಲ, ಪರ್ಮಿಟ್ ಇಲ್ಲದವರಿಗೆ ನೇರ ದಂಡ.

ಆಲ್ಪ್ಸ್ ಸವಾರ:
ಬ್ರೆಗೆನ್ಸ್‌ಗೆ ಬೇಡ ಮೇಡಂ. ಸಾಂಕ್ಟ್ ಮಾರ್ಗ್ರೆತೆನ್‌ನಲ್ಲಿ ಸ್ವಿಸ್ ಮೋಟರ್‌ವೇ ಬಿಟ್ಟು ಊರೊಳಗಿನ ರಸ್ತೆಯಲ್ಲಿ ರೈನ್ ನದಿ ದಾಟಿ ಎ14 ಸೇರುತ್ತೀರಿ. ಆ ಎ14ರಲ್ಲಿ ಹೋಹೆನೆಮ್ಸ್‌ನಿಂದ ಜರ್ಮನ್ ಗಡಿಯ ತನಕ, ಫ್ಯೆಂಡರ್ ಸುರಂಗವೂ ಸೇರಿ, ಕುಫ್‌ಸ್ಟೈನ್‌ನಂತೆಯೇ ವಿನ್ಯೆಟ್ ಬೇಕಿಲ್ಲ. ದಾಟಿದರೆ ಲಿಂಡಾವ್, ಅಲ್ಲಿಂದ ಎ96 ಹಿಡಿದು ಮ್ಯೂನಿಕ್.

ಕಾರು ಬುಕ್ ಮಾಡುವಾಗ ಎರಡು ವಿಷಯ ಇಮೇಲ್‌ನಲ್ಲಿ ಕೇಳಿ, ಬಾಯಿಮಾತು ಬೇಡ. ಇಟಲಿ, ಸ್ವಿಸ್, ಆಸ್ಟ್ರಿಯಾ ಮೂರಕ್ಕೂ ಗಾಡಿ ಒಯ್ಯಲು ಒಪ್ಪಿಗೆ ಇದೆಯೇ ಅಂತ, ಮತ್ತೆ ಟೋಲ್ ನೋಟಿಸ್ ಬಂದರೆ ಒಂದೊಂದಕ್ಕೆ ಎಷ್ಟು ಶುಲ್ಕ ಹಿಡಿಯುತ್ತಾರೆ ಅಂತ. ಎರಡನೆಯದು ಕರಾರಿನ ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ, ಕೇಳಿದರೆ ಹೇಳುತ್ತಾರೆ.

ಹುಬ್ಬಳ್ಳಿ ಟು ಯೂರೋಪ್:
ಎಲ್ಲರಿಗೂ ಧನ್ಯವಾದ. ನಾವು ಪ್ಯಾರಿಸ್‌ನಲ್ಲಿ ಕಾರು ತಗೊಂಡು ನಾರ್ಮಂಡಿ ಕಡೆ ಹೋಗುವವರು. ಫ್ರಾನ್ಸ್‌ನಲ್ಲಿ ಬೂತ್ ಇರುತ್ತದೆ ಅಂತ ಕೇಳಿದ್ದೆ, ಹೌದಾ?

ಜ್ಯೂರಿಕ್ ಕನ್ನಡತಿ:
ಬೇರೆ ಕಡೆ ಬಹಳಷ್ಟು ಇವೆ, ನಿಮ್ಮ ದಾರಿಯಲ್ಲೇ ಇಲ್ಲ. ಪ್ಯಾರಿಸ್ ನಾರ್ಮಂಡಿ ನಡುವಿನ ಎ13, ಎ14ರಲ್ಲಿ 2024ರಲ್ಲಿ ಬೂತ್ ಎತ್ತಿದರು. ಹಾದು ಹೋದ ಮೇಲೆ 72 ಗಂಟೆ ಟೈಮ್, ಸಾನೆಫ್ ಕಂಪನಿಯ ಸೈಟ್‌ನಲ್ಲಿ ಪ್ಲೇಟ್ ಹಾಕಿ ಕಟ್ಟಬೇಕು. ಬಿಟ್ಟರೆ ಮೇಲಿನ ಮೊತ್ತ ಏರುತ್ತಾ ಹೋಗಿ ಕೊನೆಗೆ 375 ಯೂರೋ ತನಕ ಹೋಗುತ್ತದೆ. ಕಾರು ಸಿಕ್ಕ ಕೂಡಲೇ ಅದೇ ಸೈಟ್‌ನಲ್ಲಿ ಪ್ಲೇಟ್ ಮತ್ತು ಕಾರ್ಡ್ ನೋಂದಾಯಿಸಿದರೆ ತಾನಾಗಿಯೇ ಕಡಿತ ಆಗುತ್ತದೆ, ಕಾರು ವಾಪಸ್ ಕೊಟ್ಟ ದಿನ ನೋಂದಣಿ ತೆಗೆದುಹಾಕಿ, ಇಲ್ಲದಿದ್ದರೆ ಮುಂದಿನ ಬಾಡಿಗೆಯವರ ಟೋಲ್ ನಿಮ್ಮ ಕಾರ್ಡಿಗೆ ಬರುತ್ತದೆ.